ಕೃಷ್ಣೆ ಸಿಹಿ, ಕಡಲು ಉಪ್ಪು

ಗಬ್ಬೂರು ಸೀಮೆಯಲ್ಲಿ ಬಿದ್ದ ಮಳೆ ಹಳ್ಳ ಹಿಡಿದು ಕೃಷ್ಣೆಗೆ ಸೇರುತ್ತದೆ. ಕೃಷ್ಣೆ ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಹೊಳೆಯ ನೀರು ಸಿಹಿ. ಹೊಳೆಗಳೆಲ್ಲ ಹೋಗಿ ತುಂಬುವ ಕಡಲು ಮಾತ್ರ ಯಾಕೆ ಉಪ್ಪು?

ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡ ಮಳೆಹನಿ ತುಸು ಆಮ್ಲೀಯ. ದೇವದುರ್ಗ, ರಾಯಚೂರಿನ ಗ್ರಾನೈಟ್ ಗುಂಡುಗಳನ್ನು ಅದು ಬಲು ನಿಧಾನವಾಗಿ ಸವೆಸುತ್ತ ಸೋಡಿಯಂ, ಕ್ಯಾಲ್ಸಿಯಂಗಳನ್ನು ಹೊತ್ತೊಯ್ಯುತ್ತದೆ, ನಾಲಿಗೆಗೆ ತಿಳಿಯದಷ್ಟು. ಕಡಲಿನಿಂದ ಆವಿಯಾಗಿ ಏಳುವುದು ಬರೀ ನೀರು, ಲವಣ ಅಲ್ಲೇ ಉಳಿಯುತ್ತದೆ. ಕಾಲುವೆ ನೀರು ಬಸಿಯದೆ ಸವಳಾದ ಎರೆಹೊಲದಲ್ಲಿ ಬಿಳಿ ಪುಡಿ ಎದ್ದದ್ದನ್ನು ಕಂಡ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ಯಾಲ್ಸಿಯಂ ಚಿಪ್ಪುಜೀವಿಗಳ ಪಾಲಾಗುತ್ತದೆ. ಸೋಡಿಯಂ ಕೋಟಿಗಟ್ಟಲೆ ವರ್ಷ ನೀರಲ್ಲೇ ಇರುತ್ತದೆ. ಅದಕ್ಕೆ ಜೋಡಿಯಾಗುವ ಕ್ಲೋರಿನ್ ಬಹುಪಾಲು ಜ್ವಾಲಾಮುಖಿಗಳ ಕೊಡುಗೆ. ಹೀಗೆ ಒಂದು ಕಿಲೋ ಕಡಲನೀರಿನಲ್ಲಿ ಸರಾಸರಿ 35 ಗ್ರಾಂ ಲವಣ.

1899ರಲ್ಲಿ ಐರ್ಲೆಂಡಿನ ಜಾನ್ ಜೋಲಿ, ನದಿಗಳು ವರ್ಷಕ್ಕೆ ತರುವ ಸೋಡಿಯಂನಿಂದ ಕಡಲಿನ ಒಟ್ಟು ಸೋಡಿಯಂ ಅನ್ನು ಭಾಗಿಸಿ, ಭೂಮಿಯ ವಯಸ್ಸು ಸುಮಾರು 9 ಕೋಟಿ ವರ್ಷ ಎಂದ. ನಿಜಕ್ಕೂ ಅದು 450 ಕೋಟಿ ದಾಟಿದೆ. ಉಪ್ಪು ಕಡಲತಳದ ಕಲ್ಲು, ಕೆಸರಿಗೂ ಸೇರುತ್ತದೆ; ಪಾಪ, ಜೋಲಿ ಜಮಾ ಬರೆದ, ಖರ್ಚು ಹಿಡಿಯಲಿಲ್ಲ.

ಎಲ್ಲ ಕಡೆ ಉಪ್ಪು ಒಂದೇ ಸಮನಿಲ್ಲ. ಗಂಗಾ, ಬ್ರಹ್ಮಪುತ್ರಗಳ ನೀರಿನಿಂದಾಗಿ ಉತ್ತರ ಬಂಗಾಳ ಕೊಲ್ಲಿಯ ಮೇಲ್ಪದರ ಅರಬ್ಬಿ ಸಮುದ್ರಕ್ಕಿಂತ ಸಪ್ಪೆ. (ಅಣೆಕಟ್ಟುಗಳನ್ನು ದಾಟಿ ಹೋಗುವ ಕೃಷ್ಣೆಯ ಪಾಲು ಈಗ ತೀರಾ ಕಮ್ಮಿ.) ಸಪ್ಪೆ ನೀರು ಹಗುರ, ಕೆಳಗಿನ ತಂಪು ಉಪ್ಪುನೀರಿನೊಡನೆ ಸುಲಭಕ್ಕೆ ಬೆರೆಯದು. ಆದ್ದರಿಂದ ಮಳೆಗಾಲದಲ್ಲೂ ಮೇಲ್ಮೈ 28 ಡಿಗ್ರಿಗಿಂತ ಬೆಚ್ಚಗಿರುತ್ತದೆ, ವಾಯುಭಾರ ಕುಸಿತಗಳಿಗೆ ಅದೇ ಬಲ. ಅವು ಒಳನಾಡಿಗೆ ಸರಿದು ಬಂದಾಗ ಹಲವು ಸಲ ನಮ್ಮ ಹತ್ತಿ ಹೊಲಕ್ಕೂ ಮಳೆ.

2016ರ ಜೂನ್–ಜುಲೈನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಎನ್. ವಿನಯಚಂದ್ರನ್ ಮತ್ತು ಬ್ರಿಟನ್ನಿನ ಸಂಗಡಿಗರು 'ಸಿಂಧು ಸಾಧನ' ಹಡಗಿನಲ್ಲಿ ಕೊಲ್ಲಿಯ ದಕ್ಷಿಣ ಭಾಗಕ್ಕೆ ಹೋಗಿ, ಅರಬ್ಬಿ ಸಮುದ್ರದ ಉಪ್ಪುನೀರು ಸಪ್ಪೆ ಪದರದ ಅಡಿಗೆ ಹೇಗೆ ನುಗ್ಗುತ್ತದೆಂದು ಅಳೆದರು. ಹಡಗು ಹೋಗದ ದಿನಗಳಲ್ಲಿ ಆರ್ಗೋ ತೇಲುಯಂತ್ರಗಳು ದುಡಿಯುತ್ತವೆ: ಒಂದು ಕಿಲೋಮೀಟರ್ ಆಳದಲ್ಲಿ ತೇಲುತ್ತಿದ್ದು, ಸುಮಾರು ಹತ್ತು ದಿನಕ್ಕೊಮ್ಮೆ ಎರಡು ಕಿಲೋಮೀಟರ್ ಆಳಕ್ಕಿಳಿದು, ಉಪ್ಪು–ಉಷ್ಣತೆ ಅಳೆಯುತ್ತ ಮೇಲೆದ್ದು ಉಪಗ್ರಹಕ್ಕೆ ವರದಿ ಒಪ್ಪಿಸುತ್ತವೆ. ಭಾರತದ ಆರ್ಗೋ ಮಾಹಿತಿ ಬಂದು ಸೇರುವ 'ಇನ್‌ಕಾಯ್ಸ್' ಸಂಸ್ಥೆ ಇರುವುದು ಕರಾವಳಿಯಲ್ಲಲ್ಲ, ಹೈದರಾಬಾದಿನಲ್ಲಿ. ರಾಯಚೂರಿನಿಂದ ಹೊರಟರೆ ಅರ್ಧ ದಿನದ ಹಾದಿಯೂ ಅಲ್ಲ.