ಜೀಪಿನ ಕುಲುಕಾಟ ತಗ್ಗಿಸುವ ಬಗೆ: ಟಯರು ಮತ್ತು ಶಾಕ್ ಅಬ್ಸಾರ್ಬರ್‌ಗಳ ಆಯ್ಕೆ



ನಾಲ್ಕು ವರ್ಷಗಳ ಹಿಂದೆ ಅಡಿಕೆ ಕೊಯ್ಲಿನ ಒಂದು ದಿನ ನಮ್ಮ ತೋಟದಲ್ಲಿ ಮರ ಹತ್ತಿದ್ದ ಆಳೊಬ್ಬ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಗಾಬರಿಯಲ್ಲಿ ಬೇರೆ ಯೋಚನೆಗೆ ಎಡೆಯಿಲ್ಲದೆ ಅವನನ್ನು ನನ್ನ ಜೀಪಿನ ಹಿಂಭಾಗದಲ್ಲಿ ಮಲಗಿಸಿಕೊಂಡು ಕಟ್ಟಾಯದಿಂದ ಹಾಸನಕ್ಕೆ ಹೊರಟೆ. ಪ್ರತಿಯೊಂದು ಹಳ್ಳಕ್ಕೂ ಅವನು "ನಿಧಾನ ಕಣಣ್ಣಾ" ಎಂದು ಕೂಗುತ್ತಿದ್ದ. ಎಷ್ಟು ನಿಧಾನ ಮಾಡಿದರೂ ಗಾಡಿಯ ಎತ್ತಿಹಾಕುವಿಕೆ ತಗ್ಗಲಿಲ್ಲ.

ಅದಕ್ಕೆ ಕಾರಣ ರಸ್ತೆಯೊಂದೇ ಆಗಿರಲಿಲ್ಲ. ಅದೇ ವರ್ಷ ನಾನು ಅಂದಕ್ಕೆಂದು ದೊಡ್ಡ ರಿಮ್ಮು ಹಾಕಿಸಿದ್ದೆ. ಕಾಫಿ ಮೂಟೆ ಹೊರಲೆಂದು ಹಿಂದಿನ ಸ್ಪ್ರಿಂಗಿಗೆ ಒಂದು ಪಟ್ಟಿ ಹೆಚ್ಚಾಗಿ ಸೇರಿಸಿದ್ದೆ. ಗಾಳಿಯನ್ನೂ ಬಿಗಿಯಾಗಿ ಹೊಡೆಸಿದ್ದೆ. ಮೂರೂ ನನ್ನದೇ ತಪ್ಪು. ಆಳು ಆರು ತಿಂಗಳ ಮೇಲೆ ನಡೆದಾಡಿದ; ಮರ ಮಾತ್ರ ಹತ್ತಲಿಲ್ಲ. ಅಂದಿನಿಂದ ಈ ವಿಷಯವನ್ನು ಶ್ರದ್ಧೆಯಿಂದ ತಿಳಿದುಕೊಂಡೆ. ಸದಸ್ಯರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಗಾಳಿಯೇ ಮೊದಲ ಸ್ಪ್ರಿಂಗು

ಗಾಳಿ ತುಂಬಿದ ಟಯರು ಬಳಕೆಗೆ ಬಂದದ್ದೇ ಮೈ ಕುಲುಕದಿರಲೆಂದು. 1887ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಅದನ್ನು ಮಾಡಿದ. ಇಂದಿಗೂ ರಸ್ತೆಯ ಏಟು ಮೊದಲು ತಾಗುವುದು ಟಯರಿಗೆ, ಅನಂತರ ಸ್ಪ್ರಿಂಗಿಗೆ. ಆದಕಾರಣ ಟಯರಿನ ಗೋಡೆ ಎತ್ತರವಿದ್ದಷ್ಟೂ ಏಟು ಹೀರುವ ಗಾಳಿಯ ಮೆತ್ತೆ ದಪ್ಪವಾಗಿರುತ್ತದೆ.

ಟಯರಿನ ಮೇಲಿನ ಬರಹ ಓದುವುದು ಕಷ್ಟವಲ್ಲ. ಬೊಲೆರೊ ಗಾಡಿಯ 215/75 ಆರ್ 15 ಎಂಬ ಅಳತೆಯನ್ನು ನೋಡಿ. 215 ಎಂದರೆ ಅಗಲ, ಮಿಲಿಮೀಟರುಗಳಲ್ಲಿ. 75 ಎಂದರೆ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 75 ಪಾಲು, ಅಂದರೆ ಸುಮಾರು 161 ಮಿ.ಮೀ. 'ಆರ್' ಎಂದರೆ ರೇಡಿಯಲ್. 15 ಎಂದರೆ ಅಂಗುಲಗಳಲ್ಲಿ ರಿಮ್ಮಿನ ವ್ಯಾಸ. ಇದನ್ನು ತೆಗೆದು 225/60 ಆರ್ 17 ಹಾಕಿದರೆ ಚಕ್ರದ ಒಟ್ಟು ಎತ್ತರ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಗೋಡೆ ಮಾತ್ರ 135 ಮಿ.ಮೀ.ಗೆ ಇಳಿಯುತ್ತದೆ. ಒಂದು ಅಂಗುಲದಷ್ಟು ಮೆತ್ತೆ ಹೋಯಿತು! ದೊಡ್ಡ ರಿಮ್ಮು ನೋಡಲು ಚೆಂದ. ಹಳ್ಳದ ಏಟು ಸೊಂಟಕ್ಕೆ. ಗಾಡಿ ತಯಾರಕರು ಕೊಟ್ಟ ಅಳತೆಯೇ, ಅಥವಾ ಅವರು ಒಪ್ಪುವ ಅತಿ ಚಿಕ್ಕ ರಿಮ್ಮಿನ ಅಳತೆಯೇ ನಮ್ಮ ರಸ್ತೆಗಳಿಗೆ ಮೇಲು.

ಇನ್ನು ಮೇಲ್ಮೈಯ ಕಚ್ಚು. ಎಚ್.ಟಿ. ಎಂಬುದು ಡಾಂಬರು ರಸ್ತೆಗೆ, ಎ.ಟಿ. ಎಂಬುದು ಡಾಂಬರು ಮತ್ತು ಮಣ್ಣು ಎರಡಕ್ಕೂ, ಎಂ.ಟಿ. ಎಂಬುದು ಕೆಸರಿಗೆ. ಎಂ.ಟಿ. ಟಯರು ಭಾರ; ಡಾಂಬರಿನ ಮೇಲೆ ಗುಂಯ್‌ಗುಡುತ್ತದೆ. ಚಕ್ರ ಭಾರವಾದಷ್ಟೂ ಅದರ ನೆಗೆತವನ್ನು ಹಿಡಿಯುವುದು ಕಷ್ಟ. ಕಟ್ಟಾಯ, ಚನ್ನರಾಯಪಟ್ಟಣದ ಕಡೆ ಅಡಿಕೆ ತೆಂಗು ಬೆಳೆದು ಹಾಸನದ ಪೇಟೆಗೆ ಓಡಾಡುವವರಿಗೆ ಎಚ್.ಟಿ. ಸಾಕು. ಸಕಲೇಶಪುರ, ಆಲೂರು ಕಡೆ ಕಾಫಿ ತೋಟದ ಮಣ್ಣಿನ ದಾರಿಯಲ್ಲಿ ಮುಂಗಾರಿನಲ್ಲೂ ತಿರುಗಬೇಕಾದವರಿಗೆ ಎ.ಟಿ. ಸರಿ. ದಿನವೂ ಕೆಸರಲ್ಲಿ ಹೂಳುವ ಗಾಡಿಯ ಹೊರತು ಎಂ.ಟಿ. ಬೇಡ. ಹಾಗೆಯೇ ಭಾರಿ ಹೊರೆಗೆಂದು ಹೆಚ್ಚು ಪದರ ಕೊಟ್ಟು ತಯಾರಿಸಿದ ಟಯರಿನ ಗೋಡೆ ಗಡಸು. ಇಬ್ಬರು ಕೂತು ಓಡಾಡುವ ಗಾಡಿಗೆ ಅದು ಅನವಶ್ಯಕ. ಆದರೆ ಮೂಲ ಟಯರಿಗಿಂತ ಕಡಿಮೆ ಭಾರ ತಡೆಯುವಂಥದನ್ನು ಎಂದಿಗೂ ಕೊಳ್ಳಬಾರದು. ಅಳತೆಯ ಪಕ್ಕದ 100 ಎಂಬ ಅಂಕಿ ಒಂದು ಟಯರು 800 ಕಿಲೊ ತಡೆಯುತ್ತದೆಂದು ಹೇಳುತ್ತದೆ.

ಕೊಳ್ಳುವಾಗ ವಯಸ್ಸನ್ನೂ ನೋಡಿ. ಗೋಡೆಯ ಮೇಲೆ 3224 ಎಂದಿದ್ದರೆ 2024ನೆಯ ಇಸವಿಯ 32ನೆಯ ವಾರ ತಯಾರಾದದ್ದು. ತೋಟದ ಗಾಡಿ ಕಡಿಮೆ ಓಡುವುದರಿಂದ ಕಚ್ಚು ಸವೆಯುವ ಮೊದಲೇ ರಬ್ಬರು ಗಡಸಾಗಿ ಬಿರುಕು ಬಿಡುವುದುಂಟು. ಅಂಥ ಟಯರು ಸುಖವನ್ನೂ ಕೊಡದು, ಮಳೆಯಲ್ಲಿ ಹಿಡಿತವನ್ನೂ ಕೊಡದು.

ಗಾಳಿಯ ಒತ್ತಡವನ್ನು ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿ ನಮೂದಿಸಿರುತ್ತಾರೆ. ಬೆಳಿಗ್ಗೆ, ಗಾಡಿ ಓಡುವ ಮೊದಲು ನೋಡಿಸಬೇಕು. ಖಾಲಿ ಗಾಡಿಗೆ ಹೊರೆಯ ಒತ್ತಡ ಹೊಡೆಸಿದರೆ ಕುಲುಕಾಟ. ಮೆತ್ತಗಿರಲೆಂದು ಚೀಟಿಗಿಂತ ಇಳಿಸಿದರೆ ಗೋಡೆ ಮಡಿಸಿ ಮಡಿಸಿ ಕಾದು ಹೆದ್ದಾರಿಯಲ್ಲಿ ಟಯರು ಸಿಡಿಯಬಹುದು.

ಶಾಕ್ ಅಬ್ಸಾರ್ಬರ್ ಮಾಡುವ ಕೆಲಸ

ಹೆಸರು ಕೇಳಿ ಇದು ಏಟನ್ನು ಹೀರುತ್ತದೆಂದೂ ಭಾರವನ್ನು ಹೊರುತ್ತದೆಂದೂ ನಂಬಿದ್ದೇವೆ. ಭಾರ ಹೊತ್ತು ಏಟಿಗೆ ಬಾಗುವುದು ಸ್ಪ್ರಿಂಗು. ಬಾಗಿದ ಸ್ಪ್ರಿಂಗು ಮೇಲೆ ಕೆಳಗೆ ಆಡುತ್ತಲೇ ಇರುತ್ತದಲ್ಲ, ಆ ಆಟವನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್.

ಬೋರ್ಡೋ ದ್ರಾವಣ ಹೊಡೆಯುವ ಕೈಪಂಪನ್ನು ನೆನೆಯಿರಿ. ಸಣ್ಣ ತೂತಿನ ಮೂಲಕ ದ್ರವ ಹೊರಡಬೇಕಾದ್ದರಿಂದ ಹಿಡಿ ಕೈಗೆ ಬಿಗಿಯಾಗಿರುತ್ತದೆ. ಇಲ್ಲಿಯೂ ಅಷ್ಟೇ: ಕೊಳವೆಯೊಳಗಿನ ಪಿಸ್ಟನ್ನು ಎಣ್ಣೆಯನ್ನು ಸಣ್ಣ ರಂಧ್ರಗಳಲ್ಲಿ ತಳ್ಳುತ್ತದೆ, ಸ್ಪ್ರಿಂಗಿನ ಆಟ ಶಾಖವಾಗಿ ಕರಗುತ್ತದೆ. ಪಂಪಿನ ವಾಷರು ಸವೆದರೆ ಹಿಡಿ ಹೇಗೆ ಸಡಿಲವಾಗುತ್ತದೋ ಹಾಗೆ ಹಳೆಯ ಶಾಕ್ ಅಬ್ಸಾರ್ಬರ್ ಸೋಲುತ್ತದೆ. ಆಗ ಚಕ್ರ ನೆಲ ಬಿಟ್ಟು ನೆಗೆಯುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ತಿರುವೂ ಇಲ್ಲ. ಶಿರಾಡಿ ಘಾಟಿಯಲ್ಲಿ ಇಳಿಯುವವರಿಗೆ ಇದು ಸುಖದ ಮಾತಲ್ಲ, ಪ್ರಾಣದ ಮಾತು.

ಕೆಟ್ಟಿರುವುದನ್ನು ತಿಳಿಯುವ ಗುರುತುಗಳು: ಕೊಳವೆಯ ಮೇಲೆ ಎಣ್ಣೆ ಒಸರಿ ಧೂಳು ಮೆತ್ತಿರುವುದು, ಉಬ್ಬು ದಾಟಿದ ಮೇಲೆ ಗಾಡಿ ಎರಡು ಮೂರು ಬಾರಿ ತೂಗುವುದು, ಟಯರಿನ ಮೇಲೆ ಅಲ್ಲಲ್ಲಿ ಬಟ್ಟಲಿನಂತೆ ಸವೆದಿರುವುದು. ಒರಟು ದಾರಿಯಲ್ಲಿ ಸ್ವಲ್ಪ ದೂರ ಓಡಿಸಿ ನಿಂತು ನಾಲ್ಕನ್ನೂ ಎಚ್ಚರದಿಂದ ಮುಟ್ಟಿ ನೋಡಿ. ಮಿಕ್ಕವು ಬೆಚ್ಚಗಿದ್ದು ಒಂದು ಮಾತ್ರ ತಣ್ಣಗಿದ್ದರೆ ಅದು ಕೆಲಸ ಮಾಡುತ್ತಿಲ್ಲವೆಂದು ಶಂಕಿಸಬೇಕು.

ಬದಲಿಸುವಾಗ ಒಂದು ಅಚ್ಚಿನ ಎರಡನ್ನೂ ಒಟ್ಟಿಗೆ ಬದಲಿಸಿ. ಬರೀ ಎಣ್ಣೆಯದು ಅಗ್ಗ. ಆದರೆ ಗುಂಡಿ ದಾರಿಯಲ್ಲಿ ಬಹಳ ಹೊತ್ತು ಓಡಿದರೆ ಎಣ್ಣೆ ಕಾದು ನೊರೆಯಾಗಿ ಹಿಡಿತ ತಪ್ಪುತ್ತದೆ. ನೈಟ್ರೊಜನ್ ಅನಿಲ ತುಂಬಿದ್ದರಲ್ಲಿ ನೊರೆ ಕಡಿಮೆ. 'ಹೆವಿ ಡ್ಯೂಟಿ' ಎಂದ ಮಾತ್ರಕ್ಕೆ ಸುಖವೆಂದು ತಿಳಿಯಬೇಡಿ. ಖಾಲಿ ಗಾಡಿಗೆ ಅತಿ ಬಿಗಿಯಾದರೆ ಸಣ್ಣ ಕಲ್ಲೂ ಬೆನ್ನಿಗೆ ತಾಗುತ್ತದೆ.

ಸ್ಪ್ರಿಂಗಿನ ಬಗ್ಗೆ ಒಂದು ಮಾತು

ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪಿಗೆ ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್ ಎಂಬ ಪಟ್ಟಿ ಸ್ಪ್ರಿಂಗು. ಬೊಲೆರೊದ ಹಿಂಭಾಗಕ್ಕೂ ಅದೇ. 2020ರಲ್ಲಿ ಬಂದ ಥಾರ್‌ಗೆ ನಾಲ್ಕೂ ಕಡೆ ಸುರುಳಿ ಸ್ಪ್ರಿಂಗು. ಪಟ್ಟಿಗಳ ನಡುವೆ ತುಕ್ಕು ಕಟ್ಟಿ ಬಿಗಿದುಕೊಂಡರೆ, ಕೊನೆಯ ರಬ್ಬರ್ ಬುಷ್ಷು ಸವೆದರೆ, ಹೊಸ ಶಾಕ್ ಅಬ್ಸಾರ್ಬರ್ ಹಾಕಿಯೂ ಫಲವಿಲ್ಲ. ಆದಕಾರಣ ಖರ್ಚು ಮಾಡುವ ಕ್ರಮ ಹೀಗಿರಲಿ: ಮೊದಲು ಗಾಳಿ, ಆಮೇಲೆ ಬುಷ್ಷು ಮತ್ತು ಪಟ್ಟಿ, ಮೂರನೆಯದು ಶಾಕ್ ಅಬ್ಸಾರ್ಬರ್, ಕಡೆಗೆ ಟಯರು. ಮೊದಲಿನೆರಡಕ್ಕೆ ಹಣ ಅಲ್ಪ.

ಹೆಚ್ಚುವರಿ ಪಟ್ಟಿ ಸೇರಿಸುವ ಮುನ್ನ ಲೆಕ್ಕ ಹಾಕಿ. ವರ್ಷದಲ್ಲಿ ಹತ್ತು ದಿನ ಮೂಟೆ ಸಾಗಿಸಲು ಉಳಿದ ಮುನ್ನೂರೈವತ್ತೈದು ದಿನ ಮನೆಮಂದಿಯ ಬೆನ್ನು ನೋಯಬೇಕೆ? ಆ ಹತ್ತು ದಿನ ಪಿಕಪ್ ಬಾಡಿಗೆಗೆ ತರುವುದೇ ಲಾಭ. ನಾನು ಆ ಪಟ್ಟಿಯನ್ನು ತೆಗೆಸಿ, ಹಳೆಯ ರಿಮ್ಮುಗಳನ್ನೇ ಮತ್ತೆ ಹಾಕಿಸಿದೆ. ಎಂಬತ್ತು ದಾಟಿದ ನನ್ನ ತಾಯಿ ಈಗ ಹಾಸನದ ಆಸ್ಪತ್ರೆಗೆ ತಕರಾರಿಲ್ಲದೆ ಬರುತ್ತಾರೆ. ಅವರನ್ನು ಎರಡು ಅಚ್ಚುಗಳ ನಡುವಿನ ಸೀಟಿನಲ್ಲಿ ಕೂರಿಸುತ್ತೇನೆ. ಹಿಂದಿನ ಅಚ್ಚಿನ ಮೇಲೆ ಕೂತವರಿಗೇ ಏಟು ಹೆಚ್ಚು.

ಕೊನೆಯದಾಗಿ ಒಂದು ವಿನಂತಿ. ಮರದಿಂದ ಬಿದ್ದವರನ್ನು, ಅದರಲ್ಲೂ ಬೆನ್ನು ಕುತ್ತಿಗೆಗೆ ಪೆಟ್ಟಾದವರನ್ನು, ಎಷ್ಟೇ ಒಳ್ಳೆಯ ಜೀಪಾದರೂ ಎತ್ತಿ ಹಾಕಿಕೊಂಡು ಹೊರಡಬೇಡಿ. ಅಲುಗಿಸದೆ ಮಲಗಿಸಿ 108ಕ್ಕೆ ಕರೆ ಮಾಡಿ. ಅಂದು ನನಗೆ ತೋಚದೆ ಹೋದದ್ದು ನಿಮಗೆ ನೆನಪಿರಲಿ.

— ಕಾರ್ಯದರ್ಶಿ