ಬಾವುಟ ಹಿಡಿದು ನಿಂತವರು ನೋಡುವುದೇನನ್ನು? – ಘರ್ಷಣೆ ಪಾಠಕ್ಕೆ ಬಂದ ಸರಕು ರೈಲು

ಬೋಧನಾಭ್ಯಾಸದ ಎರಡನೆಯ ವಾರ. ಕುಂದಾಪುರ ಮತ್ತು ಬೈಂದೂರು ನಡುವಿನ ಒಂದು ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಗೆ ‘ಘರ್ಷಣೆ’ ಪಾಠ ಮಾಡುತ್ತಿದ್ದೆ. ಹಳೆಯ ಬೇರಿಂಗೊಂದನ್ನು ಕೈಯಲ್ಲಿ ತಿರುಗಿಸಿ ತೋರಿಸಿ, ‘ಬೇರಿಂಗ್ ಘರ್ಷಣೆಯನ್ನು ಕಡಿಮೆ ಮಾಡುತ್ತದೆ’ ಎಂದು ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ.

“ಟೀಚರ್, ರೈಲಿನ ಚಕ್ರಕ್ಕೂ ಬೇರಿಂಗ್ ಇತ್ತಲೆ? ಮತ್ತೆ ಅದ್ರಗೆ ಹೊಗಿ ಬಪ್ಪುದ್ ಎಂತಕೆ? ನಮ್ ಅಪ್ಪಯ್ಯ ಅದನ್ನ್ ಕಾಂಬುಕೇ ಗೇಟಲ್ಲಿ ನಿಂತ್ಕಂಬುದ್.”

“ಬಾವುಟ ಬೀಸುದ್ ಮಾರಾಯ,” ಎಂದು ಪಕ್ಕದವನು ಹೇಳಿದ. ತರಗತಿ ನಕ್ಕಿತು. ಹುಡುಗ ಕುಳಿತುಬಿಟ್ಟ. ನನ್ನ ಬಳಿ ಉತ್ತರವಿರಲಿಲ್ಲ. ‘ನಾಳೆ ಹೇಳುತ್ತೇನೆ’ ಎಂದು ಪಾಠ ಮುಂದುವರಿಸಿದೆ. ಅಂದು ಅವನನ್ನು ಹಾಗೆ ಕೂರಿಸಿದ್ದು ನನಗೆ ಪಾಠ ವೀಕ್ಷಣೆಯ ಅಂಕಗಳಿಗಿಂತ ಹೆಚ್ಚು ಚುಚ್ಚಿತು. ಆ ಸಂಜೆ ಬ್ರಹ್ಮಾವರದ ಬಸ್ಸಿನಲ್ಲಿ ಕುಳಿತಾಗಲೂ ಅದೇ ಯೋಚನೆ. ಮುಂದಿನ ದಿನಗಳಲ್ಲಿ ರೈಲ್ವೆಯಲ್ಲಿರುವವರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆಯ ಮಕ್ಕಳಿಗೆ ಸರಕು ರೈಲೆಂದರೆ ಮೊದಲು ನೆನಪಾಗುವುದು ‘ಲಾರಿ ಗಾಡಿ’. ಕೊಂಕಣ ರೈಲ್ವೆ 1999ರಲ್ಲಿ ಆರಂಭಿಸಿದ ರೋ-ರೋ ಸೇವೆಯಲ್ಲಿ ಸರಕು ತುಂಬಿದ ಲಾರಿಗಳೇ ಚಪ್ಪಟೆ ವ್ಯಾಗನ್ ಏರಿ, ಸುರತ್ಕಲ್ಲಿಗೂ ಮಹಾರಾಷ್ಟ್ರದ ಕೋಲಾಡಿಗೂ ನಡುವೆ ಓಡಾಡುತ್ತವೆ. ಬಾರ್ಕೂರು, ಕುಂದಾಪುರ, ಸೇನಾಪುರ, ಬಿಜೂರು, ಬೈಂದೂರು ದಾಟಿಯೇ ಅವು ಹೋಗಬೇಕು. ಇಂಥ ರೈಲು ಸಾಗುವಾಗ ಸ್ಟೇಷನ್ ಮಾಸ್ಟರ್, ಪಾಯಿಂಟ್ಸ್‌ಮನ್, ಗೇಟ್‌ಮನ್, ಹಳಿಯ ಕೆಲಸದವರು, ಯಾರೇ ಕರ್ತವ್ಯದಲ್ಲಿರಲಿ, ಅದನ್ನು ಗಮನಿಸಿ ನೋಡಬೇಕೆಂಬುದು ರೈಲ್ವೆಯ ನಿಯಮ. ಎಲ್ಲ ಸರಿಯಿದ್ದರೆ ಹಗಲು ಹಸಿರು ಬಾವುಟ, ರಾತ್ರಿ ಹಸಿರು ದೀಪ. ಅಪಾಯ ಕಂಡರೆ ಕೆಂಪು. ಕೊನೆಯ ಡಬ್ಬಿಯಲ್ಲಿರುವ ಗಾರ್ಡ್ (2022ರಿಂದ ಅವರ ಹುದ್ದೆಯ ಹೆಸರು ಟ್ರೈನ್ ಮ್ಯಾನೇಜರ್) ಕೂಡ ಈ ಸನ್ನೆಗೆ ಉತ್ತರಿಸಬೇಕು. ರೈಲು ನಿಲ್ಲದೆ ದಾಟಿಹೋದರೆ ಮುಂದಿನ ನಿಲ್ದಾಣಕ್ಕೆ ಸುದ್ದಿ ಮುಟ್ಟಿಸಿ ಅಲ್ಲಿ ತಡೆಯುತ್ತಾರೆ. ಅಂದರೆ ಬಾವುಟ ಬೀಸುವುದು ಕೆಲಸದ ಕೊನೆಯ ಭಾಗ ಮಾತ್ರ. ಅದಕ್ಕೂ ಮೊದಲು ನೋಡುವ ಕೆಲಸ ಮುಗಿದಿರಬೇಕು.

ಹಾಗಾದರೆ ನೋಡುವುದು ಏನನ್ನು? ಹುಡುಗನ ಹೊಗೆಯಿಂದಲೇ ಶುರು ಮಾಡೋಣ. ರೈಲಿನಲ್ಲಿ ಚಕ್ರ ಮತ್ತು ಅಚ್ಚು ಒಂದೇ ತುಂಡಿನಂತೆ ಒಟ್ಟಿಗೆ ತಿರುಗುತ್ತವೆ. ವ್ಯಾಗನ್ನಿನ ಭಾರ ಹೊರುವುದು ಅಚ್ಚಿನ ಎರಡೂ ತುದಿಯ ಬೇರಿಂಗ್‌ಗಳು. ಒಳಗಿನ ಗ್ರೀಸ್ ಸೋರಿದರೆ ಅಥವಾ ರೋಲರ್ ಒಡೆದರೆ ಉರುಳುವ ಘರ್ಷಣೆ ಹೋಗಿ ಜಾರುವ ಘರ್ಷಣೆ ಬರುತ್ತದೆ. ಶಾಖ ಏರುತ್ತದೆ, ಗ್ರೀಸ್ ಸುಟ್ಟ ವಾಸನೆ ಬರುತ್ತದೆ, ಕೀರಲು ಸದ್ದು, ಹೊಗೆ, ಕೆಲವೊಮ್ಮೆ ಬೆಂಕಿ. ಇದಕ್ಕೆ ‘ಹಾಟ್ ಆಕ್ಸಲ್’ ಎನ್ನುತ್ತಾರೆ. ಹಾಗೇ ಓಡಲು ಬಿಟ್ಟರೆ ಅಚ್ಚಿನ ತುದಿಯೇ ತುಂಡಾಗಿ ರೈಲು ಹಳಿ ತಪ್ಪಬಹುದು. ಆದ್ದರಿಂದ ಅಂಥ ವ್ಯಾಗನ್ನನ್ನು ಬೇರ್ಪಡಿಸಿ ನಿಲ್ದಾಣದಲ್ಲೇ ಉಳಿಸುತ್ತಾರೆ.

ಇನ್ನೊಂದು ಹೊಗೆಯೂ ಇದೆ. ಅದು ಬರುವುದು ಅಚ್ಚಿನ ತುದಿಯಿಂದಲ್ಲ, ಚಕ್ರದ ಅಂಚಿನಿಂದ. ಗಾಳಿ ತುಂಬಿದರೆ ಬ್ರೇಕ್ ಬೀಳುತ್ತದೆ ಎಂದು ನಾನೂ ತಿಳಿದಿದ್ದೆ. ನಿಜ ಸಂಗತಿ ಬೇರೆ. ರೈಲಿನುದ್ದಕ್ಕೂ ಇರುವ ಬ್ರೇಕ್ ಕೊಳವೆಯಲ್ಲಿ ಚದರ ಸೆಂಟಿಮೀಟರಿಗೆ 5 ಕೆ.ಜಿ. ಒತ್ತಡ ಇದ್ದಾಗ ಬ್ರೇಕ್ ಬಿಟ್ಟಿರುತ್ತದೆ, ಒತ್ತಡ ಇಳಿದಾಗ ಹಿಡಿಯುತ್ತದೆ. ಕೊಳವೆ ಕಿತ್ತುಹೋದರೂ ರೈಲು ತಾನಾಗಿ ನಿಲ್ಲಲಿ ಎಂದೇ ಈ ವ್ಯವಸ್ಥೆ. ಆದರೆ ಯಾವುದೋ ಒಂದು ವ್ಯಾಗನ್ನಿನ ಬ್ರೇಕ್ ಬಿಡದೇ ಉಳಿದರೆ ಬ್ರೇಕ್ ಬ್ಲಾಕ್ ಚಕ್ರವನ್ನು ಉಜ್ಜುತ್ತಲೇ ಇರುತ್ತದೆ, ಕಿಡಿ ಹಾರುತ್ತದೆ. ಚಕ್ರ ಪೂರ್ತಿ ಹಿಡಿದುಕೊಂಡರೆ ಉರುಳದೆ ಹಳಿಯ ಮೇಲೆ ಜಾರಿ ಒಂದು ಕಡೆ ಸವೆದು ಚಪ್ಪಟೆಯಾಗುತ್ತದೆ. ಮತ್ತೆ ತಿರುಗತೊಡಗಿದ ಮೇಲೆ ಪ್ರತಿ ಸುತ್ತಿಗೊಮ್ಮೆ ಹಳಿಗೆ ಬಡಿಯುತ್ತದೆ. ಹಳಿಯ ಕೀಲಿನ ಸದ್ದು ಒಂದೇ ಜಾಗದಿಂದ ಬರುತ್ತದೆ, ಚಪ್ಪಟೆ ಚಕ್ರದ ಸದ್ದು ವ್ಯಾಗನ್ನಿನ ಜೊತೆಗೇ ಸಾಗಿಹೋಗುತ್ತದೆ. ಅನುಭವಸ್ಥರು ಕಣ್ಣು ಮುಚ್ಚಿಯೂ ಈ ವ್ಯತ್ಯಾಸ ಹೇಳಬಲ್ಲರು.

ಇವಲ್ಲದೆ ಮುರಿದ ಸ್ಪ್ರಿಂಗ್, ನೇತಾಡುವ ಭಾಗ, ತೆರೆದ ಬಾಗಿಲು, ಲಾರಿ ಗಾಡಿಯಾದರೆ ಬಿಚ್ಚಿದ ಟಾರ್ಪಾಲು. 2022ರಲ್ಲಿ ಈ ಮಾರ್ಗದ ವಿದ್ಯುದೀಕರಣ ಪೂರ್ಣವಾಯಿತು. ಈಗ ಮೇಲೆ 25,000 ವೋಲ್ಟಿನ ತಂತಿ ಇರುವಾಗ ಹಾರಾಡುವ ಟಾರ್ಪಾಲು ಸಣ್ಣ ವಿಷಯವಲ್ಲ.

ಇದಕ್ಕೆಲ್ಲ ಸಿಗುವ ಸಮಯ ಎಷ್ಟು? ತರಗತಿಯಲ್ಲಿ ಲೆಕ್ಕ ಹಾಕಿದೆವು. 14 ಮೀಟರ್ ಉದ್ದದ 50 ವ್ಯಾಗನ್‌ಗಳು ಎಂದು ಇಟ್ಟುಕೊಂಡರೆ 700 ಮೀಟರ್. ಗಂಟೆಗೆ 36 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ 10 ಮೀಟರಿನಂತೆ, ದಾಟಲು 70 ಸೆಕೆಂಡು. ವ್ಯಾಗನ್ನಿಗೆ 8 ಚಕ್ರ, ಒಂದು ಬದಿಗೆ 4. ಒಬ್ಬರ ಕಣ್ಣ ಮುಂದೆ 70 ಸೆಕೆಂಡಿನಲ್ಲಿ 200 ಚಕ್ರ, ಸೆಕೆಂಡಿಗೆ ಸುಮಾರು ಮೂರು! ಲೆಕ್ಕ ಮುಗಿದಾಗ ಯಾರೂ ನಗಲಿಲ್ಲ.

ಮಕ್ಕಳನ್ನು ಹಳಿಯ ಬಳಿ ಕರೆದೊಯ್ಯುವ ಯೋಚನೆಯನ್ನು ಮಾರ್ಗದರ್ಶಕ ಶಿಕ್ಷಕರು ಅಲ್ಲಿಗೇ ನಿಲ್ಲಿಸಿದರು. ಅದು ಸರಿಯೇ. ಬದಲಿಗೆ ಮೈದಾನದಲ್ಲಿ ಇಪ್ಪತ್ತು ಮಕ್ಕಳ ‘ರೈಲು’ ಮಾಡಿದೆವು. ಐದು ‘ದೋಷ’ಗಳನ್ನು ಅಡಗಿಸಿದೆ: ಬಿಚ್ಚಿದ ಬೂಟಿನ ದಾರ, ತೆರೆದ ಚೀಲ, ಎಳೆದು ನಡೆಯುವ ಕಾಲು, ಜೇಬಿನಲ್ಲಿ ಕರ್ಪೂರ, ಕಿಣಿಕಿಣಿ ಎನ್ನುವ ಜ್ಯಾಮಿತಿ ಪೆಟ್ಟಿಗೆ. ರೈಲು ಓಡುತ್ತ ದಾಟಿತು. ಮೊದಲ ಸಲ ನೋಡುವವರನ್ನು ಒಂದೇ ಬದಿಯಲ್ಲಿ ನಿಲ್ಲಿಸಿದೆ, ಎರಡು ದೋಷ ಸಿಕ್ಕವು. ಎರಡನೆಯ ಸಲ ಎರಡೂ ಬದಿಯಲ್ಲಿ ನಿಲ್ಲಿಸಿದೆ, ನಾಲ್ಕು ಸಿಕ್ಕವು. ಕರ್ಪೂರ ಯಾರಿಗೂ ತಿಳಿಯಲಿಲ್ಲ.

“ಗಾಳಿ ಬಪ್ಪು ಬದಿಗೆ ನಿಂತ್ರೆ ವಾಸ್ನಿ ಬತ್ತಿಲ್ಲೆ ಟೀಚರ್,” ಎಂದು ಗೇಟ್‌ಮನ್ನರ ಮಗ ಹೇಳಿದ. ಮೂರನೆಯ ಸಲ ಯಾರು ಎಲ್ಲಿ ನಿಲ್ಲಬೇಕೆಂದು ಅವನೇ ನಿರ್ಧರಿಸಿದ. ನಕ್ಕಿದ್ದ ಪಕ್ಕದ ಬೆಂಚಿನವನು ಅವನು ತೋರಿಸಿದ ಕಡೆ ಹೋಗಿ ನಿಂತ.

ನನ್ನ ಪಾಠ ಯೋಜನೆಯಲ್ಲಿ ‘ಬೇರಿಂಗ್ ಘರ್ಷಣೆಯನ್ನು ಕಡಿಮೆ ಮಾಡುತ್ತದೆ’ ಎಂಬ ಸಾಲನ್ನು ಹೊಡೆದುಹಾಕಿಲ್ಲ. ಅದರ ಕೆಳಗೆ ಒಂದು ಪ್ರಶ್ನೆ ಸೇರಿಸಿದ್ದೇನೆ: ‘ಸಾಗುವ ರೈಲಿನಲ್ಲಿ ಘರ್ಷಣೆ ಎಲ್ಲಿ ಬೇಕು, ಎಲ್ಲಿ ಬೇಡ, ಅದು ತಪ್ಪು ಜಾಗದಲ್ಲಿದೆ ಎಂದು ಹೊರಗೆ ನಿಂತವರಿಗೆ ಹೇಗೆ ತಿಳಿಯುತ್ತದೆ?’ ಉತ್ತರಕ್ಕೆ ಹತ್ತು ನಿಮಿಷ ಇಟ್ಟಿದ್ದೆ. ಇಡೀ ಅವಧಿ ಹಿಡಿಯಿತು.