ಗಿರಿಯ ಸಾಕ್ಷಿ, ಹಿರಿಯರ ಸಾಕ್ಷಿ

ಮದುವೆಯ ಛಾಯಾಚಿತ್ರ ಎಂದೊಡನೆ ನಮ್ಮ ಹಿರಿಯರ ಕಣ್ಣ ಮುಂದೆ ನಿಲ್ಲುವುದು ಬಾಳೆಕಂಬದ ಚಪ್ಪರ, ಕುರ್ಚಿಗಳ ಮೇಲೆ ಕುಳಿತ ವಧೂವರರು, ಅವರ ಹಿಂದೆ ಸಾಲಾಗಿ ನಿಂತ ಬಂಧುಬಳಗ. ಇಂದಿನ ಮಕ್ಕಳಿಗೆ ಅಷ್ಟು ಸಾಲದು. ಬೆಟ್ಟ ಬೇಕು, ಮಂಜು ಬೇಕು, ಕಾಫಿ ತೋಟದ ಹಸಿರು ಬೇಕು. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಗೆ ವಾರದ ಕೊನೆಯಲ್ಲಿ ಹೋದವರು ರೇಷ್ಮೆ ಸೀರೆಯ ವಧುವನ್ನೂ ಕ್ಯಾಮೆರಾ ಹೊತ್ತ ತಂಡವನ್ನೂ ರಸ್ತೆಯ ಬದಿಯಲ್ಲಿ ಕಂಡೇ ಇರುತ್ತಾರೆ. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮನೆಯವರಿಗೆ ಹೇಳದೆ ಕೇಳದೆ, ಇಬ್ಬರು ಮೂವರು ಗೆಳೆಯರೊಡನೆ ಮದುವೆಯನ್ನೇ ಗುಡ್ಡದ ಮೇಲೆ ಮುಗಿಸಿಕೊಂಡು ಬರುವುದುಂಟು.

ಹೀಗೊಂದು ಸಂದರ್ಭವನ್ನು ಭಾವಿಸೋಣ. ಬಯಲುಸೀಮೆಯ ಒಂದು ಸದ್ಗೃಹಸ್ಥರ ಮನೆ. ಓದು ಮುಗಿಸಿ ಕೆಲಸದಲ್ಲಿರುವ ಮಗಳು, "ಅಪ್ಪಾಜಿ, ನನಗೆ ಸಾವಿರ ಜನರ ಮದುವೆ ಬೇಡ. ಗುಡ್ಡದ ಮೇಲೆ ಹತ್ತು ಜನರ ಎದುರಿನಲ್ಲಿ ಮಾಡಿಕೊಡಿ" ಎನ್ನುತ್ತಾಳೆ. "ನಾಲ್ಕು ಜನ ಏನೆಂದಾರು?" ಎಂದು ತಂದೆ ಸಿಡುಕುತ್ತಾರೆ. ಮಾತು ಅಲ್ಲಿಗೆ ನಿಲ್ಲುತ್ತದೆ. ಮೂರು ತಿಂಗಳ ಮೇಲೆ ತಾಯಿಯ ಮೊಬೈಲಿಗೆ ಒಂದು ಚಿತ್ರ ಬರುತ್ತದೆ. ಮಂಜು ಮುಸುಕಿದ ಗುಡ್ಡ, ಹೂಮಾಲೆ ಧರಿಸಿದ ಮಗಳು, ಪಕ್ಕದಲ್ಲಿ ಅವಳು ಮೆಚ್ಚಿದ ಹುಡುಗ. ಚಿತ್ರ ಸುಂದರವಾಗಿದೆ. ಆದರೆ ಅದರಲ್ಲಿ ತಾಯಿ ಇಲ್ಲ.

ಇಂತಹ ಚಿತ್ರ ಯಾರ ಮನೆಗೂ ಬಾರದಿರಲಿ ಎಂಬುದೇ ಈ ಲೇಖನದ ಆಶಯ. ಬಯಲಿನಲ್ಲಿ ಮದುವೆಯಾಗಬೇಕೆಂಬ ಬಯಕೆ ತಪ್ಪಲ್ಲ. ಜನ ಕಡಿಮೆಯಿರಲಿ ಎಂಬುದಂತೂ ಒಳ್ಳೆಯ ಬಯಕೆಯೇ. ಆದರೆ ಸ್ಥಳವನ್ನು ಆರಿಸುವಾಗ "ಇಲ್ಲಿ ಚಿತ್ರ ಹೇಗೆ ಬರುತ್ತದೆ?" ಎಂಬ ಪ್ರಶ್ನೆಗೆ ಮೊದಲು "ಇಲ್ಲಿಗೆ ನಮ್ಮ ಅಜ್ಜಿ ನಡೆದು ಬರಬಲ್ಲಳೇ?" ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಬೇಕು.

ಮೂಡಿಗೆರೆಯ ಒಂದು ಮೇಲ್ಪಂಕ್ತಿ

ಈ ಸೀಮೆಗೆ ಸರಳ ವಿವಾಹ ಹೊಸದಲ್ಲ. 1966ರಲ್ಲಿ ಮೂಡಿಗೆರೆ ಸಮೀಪದ 'ಚಿತ್ರಕೂಟ' ತೋಟದಲ್ಲಿ ಪೂರ್ಣಚಂದ್ರ ತೇಜಸ್ವಿ ಹಾಗೂ ರಾಜೇಶ್ವರಿ ಅವರ ವಿವಾಹ ನಡೆಯಿತು. ತಂದೆ ಕುವೆಂಪು ಅವರು ರೂಪಿಸಿದ 'ಮಂತ್ರ ಮಾಂಗಲ್ಯ' ವಿಧಾನದಲ್ಲಿ ನಡೆದ ಮದುವೆಯದು. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ವಧೂವರರು ಸಮಾನತೆಯ ಸಂಕಲ್ಪವನ್ನು ಹಿರಿಯರ ಎದುರಿನಲ್ಲಿ ಸ್ವೀಕರಿಸುವುದೇ ಅದರ ಸಾರ. ತೇಜಸ್ವಿಯವರು ಮುಂದೆ ಹಕ್ಕಿಗಳ ಛಾಯಾಗ್ರಾಹಕರಾಗಿಯೂ ಹೆಸರಾದರು. ಅವರ ಮದುವೆಯಿಂದ ನಾವು ಕಲಿಯಬೇಕಾದುದು ಒಂದೇ ಮಾತು. ಕಾಫಿ ತೋಟದ ನಡುವೆ ಕೆಲವೇ ಜನರೊಡನೆ ಮದುವೆಯಾಗಲು ಮಕ್ಕಳು ಮನೆಬಿಟ್ಟು ಹೋಗಬೇಕಿಲ್ಲ. ತಂದೆಯೇ ಮುಂದೆ ನಿಂತು ನಡೆಸಿಕೊಡಬಹುದು.

ನಮ್ಮ ಶರಣ ಪರಂಪರೆಯಂತೂ ಇದಕ್ಕಿಂತ ಕಠಿಣವಾದ ಪರೀಕ್ಷೆಯನ್ನು ಕಂಡಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ವಿವಾಹದ ಕಥೆಯನ್ನು ಅರಿಯದ ಮನೆ ನಮ್ಮಲ್ಲಿಲ್ಲ. ಆ ಸಂಬಂಧವನ್ನು ಎರಡೂ ಮನೆಯ ಹಿರಿಯರು ಬಚ್ಚಿಡಲಿಲ್ಲ. ಬಹಿರಂಗವಾಗಿ ನಡೆಸಿದರು, ಪ್ರಾಣವನ್ನೇ ಅದಕ್ಕೆ ತೆತ್ತರು ಎಂದು ಪರಂಪರೆ ಹೇಳುತ್ತದೆ. ಅಂತಹವರ ವಾರಸುದಾರರೆನಿಸಿದ ನಾವು ಜಾತಿ ಅಥವಾ ಒಳಪಂಗಡದ ನೆಪದಿಂದ ಮಕ್ಕಳನ್ನು ಕದ್ದು ಮದುವೆಯಾಗುವ ಸ್ಥಿತಿಗೆ ತಳ್ಳುವುದು ಎಷ್ಟು ಸರಿಯೆಂದು ಪ್ರತಿಯೊಬ್ಬ ತಂದೆತಾಯಿಯೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕಾಗಿದೆ.

ಸ್ಥಳದ ಆಯ್ಕೆ

ಮೊದಲು ಎಲ್ಲರ ಬಾಯಲ್ಲಿರುವ ಮುಳ್ಳಯ್ಯನಗಿರಿಯ ಮಾತು. 1,930 ಮೀಟರ್ ಎತ್ತರದ ಇದು ಕರ್ನಾಟಕದ ಅತ್ಯುನ್ನತ ಶಿಖರ. ಕೊನೆಯ ಭಾಗವನ್ನು ನೂರಾರು ಮೆಟ್ಟಿಲೇರಿಯೇ ತಲುಪಬೇಕು. ಗಾಳಿಯ ಹೊಡೆತ ಬಲವಾದುದು. ಮೇಲಾಗಿ ಅದು ಮುಳ್ಳಪ್ಪಸ್ವಾಮಿಗಳು ತಪಗೈದರೆಂದು ಭಕ್ತರು ನಂಬಿರುವ ಪುಣ್ಯಸ್ಥಳ. ಅಲ್ಲಿ ದರ್ಶನ ಪಡೆದು ಭಕ್ತಿಯಿಂದ ಒಂದು ಚಿತ್ರ ತೆಗೆಸಿಕೊಂಡರೆ ಸಾಕು. ಗುಡಿಯ ಮುಂದೆ ಗಂಟೆಗಟ್ಟಲೆ ಉಡುಪು ಬದಲಿಸುತ್ತ ನಿಲ್ಲುವುದು ಶೋಭಿಸದು. ದಟ್ಟಣೆಯನ್ನು ತಡೆಯಲು 2025ರಲ್ಲಿ ವಾಹನಗಳಿಗೆ ಮುಂಗಡ ನೋಂದಣಿಯ ಕ್ರಮವನ್ನೂ ತರಲಾಗಿದೆ. ಆದುದರಿಂದ ಮೊದಲೇ ವಿಚಾರಿಸಿಕೊಂಡು ಹೊರಡುವುದು ಒಳಿತು.

ಮೂಡಿಗೆರೆ ಕಡೆಯ ದೇವರಮನೆ ಗುಡ್ಡ ಹಿರಿಯರಿಗೆ ಹೆಚ್ಚು ಅನುಕೂಲ. ಕಾಲಭೈರವೇಶ್ವರ ದೇವಾಲಯದ ಸಮೀಪದವರೆಗೂ ರಸ್ತೆಯಿದೆ, ಸುತ್ತಲೂ ಹುಲ್ಲುಗಾವಲಿನ ಬೆಟ್ಟಸಾಲು ಕಾಣುತ್ತದೆ. ಬಲ್ಲಾಳರಾಯನದುರ್ಗ, ಎತ್ತಿನಭುಜಗಳು ಚಾರಣದ ಜಾಗಗಳು. ವೃದ್ಧರನ್ನು ಅಲ್ಲಿಗೆ ಕರೆದೊಯ್ಯಲಾಗದು. ಚಾರ್ಮಾಡಿ ಘಾಟಿಯಲ್ಲಿ ಮಳೆಗಾಲದ ಜಲಧಾರೆಗಳು ಮನಮೋಹಕ, ಆದರೆ ಬಂಡೆಗಳು ಪಾಚಿಗಟ್ಟಿ ಜಾರುತ್ತವೆ. 2019ರ ಆಗಸ್ಟ್ ತಿಂಗಳ ಮಳೆಗೆ ಗುಡ್ಡ ಕುಸಿದು ಆ ಮಾರ್ಗವೇ ಮುಚ್ಚಿತ್ತು. ಒಂದು ಚಿತ್ರಕ್ಕಾಗಿ ರಾಷ್ಟ್ರೀಯ ಹೆದ್ದಾರಿಯ ತಿರುವಿನಲ್ಲಿ ವಧುವನ್ನು ನಿಲ್ಲಿಸುವುದು ವಿವೇಕವಲ್ಲ.

ಕಳಸದಲ್ಲಿ ಕಳಸೇಶ್ವರನ ಸನ್ನಿಧಿಯಿದೆ, ಭದ್ರೆಯ ದಡವಿದೆ. ಶಿವಪಾರ್ವತಿಯರ ಗಿರಿಜಾ ಕಲ್ಯಾಣೋತ್ಸವ ನಡೆಯುವ ಈ ಊರು ಮದುವೆಯ ಸಂಕಲ್ಪಕ್ಕೆ ಎಷ್ಟು ಒಪ್ಪುವ ತಾಣವೆಂದು ಬೇರೆ ಹೇಳಬೇಕಿಲ್ಲ. ಆದರೆ ಹೊಳೆಯ ನೀರು ಮೇಲ್ಗಡೆಯ ಮಳೆಗೆ ಹಠಾತ್ತನೆ ಏರುವುದುಂಟು. ನಡುಬಂಡೆಗಳ ಆಸೆ ಬೇಡ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕುದುರೆಮುಖದ ಕಾಡಿನಲ್ಲಿ ಚಿತ್ರೀಕರಣಕ್ಕೂ ಡ್ರೋನ್ ಹಾರಿಸುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು.

ಇವೆಲ್ಲಕ್ಕಿಂತ ಉತ್ತಮವಾದುದು ಬಂಧುಗಳ ಅಥವಾ ಪರಿಚಿತರ ಕಾಫಿ ತೋಟ. ತೋಟದ ಮನೆಯ ಮುಂದೆ ಕಾಫಿ ಒಣಗಿಸುವ ವಿಶಾಲವಾದ ಕಣವಿರುತ್ತದೆ. ಸಮತಟ್ಟಾದ ಆ ಜಾಗದಲ್ಲಿ ಹಿರಿಯರಿಗೆ ಕುರ್ಚಿ ಹಾಕಬಹುದು. ಹಿನ್ನೆಲೆಗೆ ಸಿಲ್ವರ್ ಓಕ್ ಮರಗಳೂ ಅವುಗಳನ್ನು ಹಬ್ಬಿದ ಮೆಣಸಿನ ಬಳ್ಳಿಗಳೂ ತಾವಾಗಿಯೇ ಒದಗುತ್ತವೆ. ಮಳೆ ಬಂದರೆ ಓಡಿ ಸೇರಲು ಜಗಲಿ ಹತ್ತಿರವಿರುತ್ತದೆ, ಅಡಿಗೆಗೆ ಒಲೆಯೂ ಸಿಗುತ್ತದೆ. ಬೇಲಿಯಿಲ್ಲದ ತೋಟವೂ ಯಾರದೋ ಬದುಕೆಂಬುದನ್ನು ಮರೆಯದೆ, ಮಾಲೀಕರ ಅಪ್ಪಣೆ ಪಡೆದೇ ಕಾಲಿಡಬೇಕು. ಮೂಡಿಗೆರೆ, ಆಲ್ದೂರು ಭಾಗದಲ್ಲಿ ಕಾಡಾನೆಗಳ ಸಂಚಾರವಿರುವುದರಿಂದ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಸ್ಥಳೀಯರ ಮಾತು ಕೇಳದೆ ಅಡ್ಡಾಡಬಾರದು.

ಋತುವಿನ ವಿಚಾರ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ, ಇಂಬಳಗಳ ಕಾಟ. ಮಳೆ ತಗ್ಗಿದ ಮೇಲೆ ಆಕಾಶ ತಿಳಿಯಾಗಿ, ಬೆಟ್ಟ ಹಸಿರಾಗಿರುವ ದಿನಗಳು ಶ್ರೇಷ್ಠ. ನವೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಕಣದ ತುಂಬ ಹಣ್ಣು ಹರಡಿರುತ್ತದೆ, ಮನೆಯವರಿಗೂ ಕೆಲಸಗಾರರಿಗೂ ಬಿಡುವಿರುವುದಿಲ್ಲ. ಮಾರ್ಚ್, ಏಪ್ರಿಲ್‌ಗಳಲ್ಲಿ ಹೂಮಳೆ ಬಿದ್ದ ಕೆಲವೇ ದಿನಗಳಲ್ಲಿ ತೋಟವೆಲ್ಲ ಮಲ್ಲಿಗೆಯಂತೆ ಬೆಳ್ಳಗಾಗಿ ಘಮಘಮಿಸುತ್ತದೆ. ಚಿತ್ರಕ್ಕೆ ಇದಕ್ಕಿಂತ ಚೆಲುವಾದ ಕಾಲವಿಲ್ಲ. ಆದರೆ ಆ ಹೂವೇ ಬೆಳೆಗಾರನ ವರ್ಷದ ಅನ್ನ. ಗಿಡಗಳ ನಡುವೆ ನುಗ್ಗಿ ಕೊಂಬೆ ಎಳೆಯದೆ, ದಾರಿಯಂಚಿನಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳಬೇಕು. 2022ರಲ್ಲಿ ಚಂದ್ರದ್ರೋಣ ಬೆಟ್ಟಗಳಲ್ಲಿ ನೀಲಕುರಿಂಜಿ ಅರಳಿತ್ತು. ಹನ್ನೆರಡು ವರ್ಷ ಕಾದು ಅರಳುವ ಅಂತಹ ಹೂವನ್ನು ಮುಡಿಗಾಗಿ ಕಿತ್ತರೆ ಬೀಜವೇ ಉಳಿಯದು. ಬೇಸಿಗೆಯ ಒಣಹುಲ್ಲಿನಲ್ಲಿ ಬಣ್ಣದ ಹೊಗೆಯ ಪಟಾಕಿ ಹಚ್ಚುವುದು ಬೆಟ್ಟಕ್ಕೇ ಕಿಚ್ಚಿಟ್ಟಂತೆ.

ಉಡುಪಿನ ಬಗ್ಗೆ ಒಂದು ಸೂಚನೆ. ಮಂಜಿನಲ್ಲಿ ಬಿಳಿ, ತಿಳಿಬಣ್ಣಗಳು ಕರಗಿಹೋಗುತ್ತವೆ. ನಮ್ಮ ಇಳಕಲ್ ಸೀರೆಯ ಕೆಂಪು ಸೆರಗು ಅಲ್ಲಿ ದೀಪದಂತೆ ಬೆಳಗುತ್ತದೆ.

ಕಾನೂನಿನ ಮಾತು

ಗುಡ್ಡದ ಮೇಲೆ ಹಾರ ಬದಲಿಸಿ ಚಿತ್ರ ತೆಗೆಸಿಕೊಂಡ ಮಾತ್ರಕ್ಕೆ ಮದುವೆಯಾಗದು. ಹಿಂದೂ ವಿವಾಹ ಕಾಯ್ದೆಯಡಿ ವಿಧಿಪೂರ್ವಕವಾಗಿ ವಿವಾಹ ನಡೆದಿರಲೇಬೇಕು, ಬರಿಯ ನೋಂದಣಿ ಪತ್ರ ಸಾಲದು ಎಂದು ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ಸ್ಪಷ್ಟಪಡಿಸಿದೆ. ವರನಿಗೆ 21, ವಧುವಿಗೆ 18 ವರ್ಷ ತುಂಬಿರಬೇಕು. 1954ರ ವಿಶೇಷ ವಿವಾಹ ಕಾಯ್ದೆಯಂತೆ ಮದುವೆಯಾಗುವವರು 30 ದಿನ ಮೊದಲೇ ನೋಟಿಸ್ ಕೊಡಬೇಕು, ಮೂವರು ಸಾಕ್ಷಿಗಳೂ ಬೇಕು. ಇನ್ನೊಂದೆಡೆ ಹೆತ್ತವರೂ ಒಂದು ಮಾತನ್ನು ಅರಿತಿರಬೇಕು. ವಯಸ್ಕರಿಬ್ಬರು ಒಪ್ಪಿದ ಮದುವೆಗೆ ಕುಟುಂಬದ ಸಮ್ಮತಿ ಅನಿವಾರ್ಯವಲ್ಲವೆಂದು 2021ರಲ್ಲಿ ಕರ್ನಾಟಕದ ಪ್ರಕರಣವೊಂದರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಬಲವಂತದಿಂದ ತಡೆಯುವ ಹಕ್ಕು ನಮಗಿಲ್ಲ. ಪ್ರೀತಿಯಿಂದ ಜೊತೆಗೆ ನಿಲ್ಲುವ ಅವಕಾಶ ಮಾತ್ರ ಇದೆ.

ಆದುದರಿಂದ ತರುಣ ತರುಣಿಯರಲ್ಲಿ ನಮ್ಮ ವಿನಂತಿ ಇಷ್ಟೆ. ಬೆದರಿಕೆಯಿಲ್ಲದ ಮನೆಯಾಗಿದ್ದರೆ ಒಮ್ಮೆ ಅಲ್ಲ, ಮೂರು ಬಾರಿ ಕೇಳಿ. ಹತ್ತೇ ಜನರನ್ನು ಕರೆಯುವಿರಾದರೆ ಆ ಹತ್ತರಲ್ಲಿ ಹೆತ್ತವರಿರಲಿ. ಹಿರಿಯರಲ್ಲಿ ವಿನಂತಿ: ಸಾವಿರ ಎಲೆಯ ಊಟ ಹಾಕಿಸದಿದ್ದರೆ ಮನೆತನದ ಮರ್ಯಾದೆ ಹೋಗದು. ಗುರುಹಿರಿಯರ ಸಮ್ಮುಖದಲ್ಲಿ, ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಇಷ್ಟಲಿಂಗವಿದ್ದು, ಮಾತು ಕೊಟ್ಟು ಮಾತು ಪಡೆದರೆ ಕಾಫಿಯ ಕಣವೂ ಕಲ್ಯಾಣಮಂಟಪವೇ.

ಮಂಜು ಇಂದು ಇರುತ್ತದೆ, ನಾಳೆ ಕರಗುತ್ತದೆ. ಗುಡ್ಡ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ಆದರೆ ಅಜ್ಜಿ ಮುಂದಿನ ವರ್ಷ ಇರುವಳೆಂದು ಹೇಳಲಾಗದು. ಚಿತ್ರ ತೆಗೆಸುವಾಗ ಮೊದಲು ಅವಳನ್ನು ನಡುವೆ ಕೂರಿಸಿ.